ಮಗಳ ಪದವಿ, ಅಪ್ಪನ ಸಹಿ

(ಪತ್ರಿಕೋದ್ಯಮ ವಿಭಾಗವೊಂದರಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ವಿದ್ಯಾರ್ಥಿಗಳೆ, ಮಕ್ಕಳ ಜೊತೆ ಬಂದು ಹಿಂದಿನ ಸಾಲಿನಲ್ಲೇ ಕೂತುಬಿಟ್ಟಿರುವ ತಂದೆತಾಯಂದಿರೆ,

ಪತ್ರಿಕೋದ್ಯಮ ವಿಭಾಗದ ದತ್ತಿ ಉಪನ್ಯಾಸ ಎಂದರೆ ವಿಷಯ ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತದೆ. ಮಾಧ್ಯಮ ಮತ್ತು ಪ್ರಜಾಪ್ರಭುತ್ವ, ನಾಲ್ಕನೆಯ ಅಂಗದ ಹೊಣೆ, ಡಿಜಿಟಲ್ ಯುಗದ ಸವಾಲುಗಳು. ಸಂಘಟಕರು ನನಗೂ ಅಂಥದ್ದೇ ಒಂದನ್ನು ಸೂಚಿಸಿದ್ದರು. ಅವರ ಅನುಮತಿ ಪಡೆದು ನಾನು ದುಡ್ಡಿನ ವಿಷಯಕ್ಕೆ ಬದಲಾಯಿಸಿಕೊಂಡೆ. ಪತ್ರಿಕೋದ್ಯಮ, ಸಂವಹನ, ಮಾಧ್ಯಮ ಅಧ್ಯಯನ ಎಂದೆಲ್ಲ ಹೆಸರಿರುವ ಈ ಪದವಿಗೆ ಎಷ್ಟು ಸಾಲ ಮಾಡಬಹುದು, ಓದಿ ಹೊರಬಂದ ಮೇಲೆ ಕೈಗೆ ಎಷ್ಟು ಬರುತ್ತದೆ, ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಕಾಣುತ್ತದೆ ಎಂಬುದಷ್ಟೇ ಈವತ್ತಿನ ಮಾತು. ಸಾಲದ ಬಗ್ಗೆ ಸರ್ವಜ್ಞನ ವಚನ ನಿಮಗೆಲ್ಲ ಬಾಯಿಪಾಠವಾಗಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ.

ದತ್ತಿ ಉಪನ್ಯಾಸದಲ್ಲಿ ಬಡ್ಡಿಯ ಮಾತಾಡುವುದು ಅಪ್ರಸ್ತುತವೇನಲ್ಲ. ದಾನಿಗಳು ಕೊಟ್ಟ ಅಸಲು ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿದೆ. ಅದರ ಬಡ್ಡಿಯಲ್ಲಿ ನನ್ನ ಪ್ರಯಾಣವೆಚ್ಚ, ಈ ಶಾಲು, ಆಮೇಲೆ ಸಿಗಲಿರುವ ಉಪ್ಪಿಟ್ಟು ಕಾಫಿ ನಡೆಯುತ್ತವೆ. ಅದೇ ಬ್ಯಾಂಕಿನ ಪಕ್ಕದ ಕೌಂಟರಿನಲ್ಲಿ ನಿಮ್ಮಲ್ಲಿ ಕೆಲವರ ಹೆಸರಿನಲ್ಲಿ ಬಡ್ಡಿ ಬೆಳೆಯುತ್ತಿದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯ ಪತ್ರಿಕೋದ್ಯಮದ ಶಾಲೆ ತೆರೆದದ್ದು 1908ರಲ್ಲಿ. ನಮ್ಮಲ್ಲಿ 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಿ.ಪಿ. ಸಿಂಗ್ ವಿಭಾಗ ಕಟ್ಟಿದರು. ಕರ್ನಾಟಕದಲ್ಲಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರಿಂದ ಈ ಓದು ಶುರುವಾಯಿತು. ಆದರೆ ಅದಾದ ಮೇಲೂ ಬಹಳ ಕಾಲ ಕನ್ನಡ ಪತ್ರಿಕೆಗಳಿಗೆ ಜನ ಬರುತ್ತಿದ್ದುದು ಪದವಿಯ ಬಾಗಿಲಿನಿಂದಲ್ಲ. ಕರಡು ತಿದ್ದಲು ಸೇರಿದವರು ಉಪಸಂಪಾದಕರಾದರು, ಊರಿಂದ ಸುದ್ದಿ ಕಳಿಸುತ್ತಿದ್ದವರು ವರದಿಗಾರರಾದರು. ಆಮೇಲೆ ಪತ್ರಿಕೆಗಳು ಪರೀಕ್ಷೆ ಇಟ್ಟು ಹುಡುಗರನ್ನು ಆರಿಸಿ, ವರ್ಷವೋ ಎರಡು ವರ್ಷವೋ ಸ್ಟೈಪೆಂಡ್ ಕೊಟ್ಟು ಕಲಿಸಿದವು. ಕಡಿಮೆಯೇ ಕೊಟ್ಟಿರಬಹುದು. ಆದರೆ ಕಲಿಯುವವನಿಗೆ ದುಡ್ಡು ಬರುತ್ತಿತ್ತು, ಅವನ ಮನೆಯಿಂದ ಹೋಗುತ್ತಿರಲಿಲ್ಲ.

ಈಗ ತರಬೇತಿಯ ಖರ್ಚು ಪತ್ರಿಕೆಯ ಲೆಕ್ಕಪುಸ್ತಕದಿಂದ ಎದ್ದು ವಿದ್ಯಾರ್ಥಿಯ ಮನೆಗೆ ಬಂದಿದೆ. ಕ್ಯಾಮೆರಾ ಹಿಡಿಯುವುದು, ಎಡಿಟ್ ಮಾಡುವುದು, ಬುಲೆಟಿನ್ ಕಟ್ಟುವುದು, ವಾಯ್ಸ್ ಓವರ್ ಕೊಡುವುದು ಎಲ್ಲವನ್ನೂ ಕಲಿತೇ ಬರಬೇಕು, ಮೊದಲ ದಿನವೇ ಕೆಲಸಕ್ಕೆ ಒದಗಬೇಕು. ಕಲಿಕೆಯ ಕಾಲದಲ್ಲೇ ಎರಡು ತಿಂಗಳು ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಆಗಬೇಕು. ಅದಕ್ಕೆ ಸಂಭಾವನೆ ಸಿಗುವುದು ಅಪರೂಪ, ಪಿಜಿ ಬಾಡಿಗೆಯಂತೂ ತಪ್ಪದು. ಪತ್ರಿಕಾವೃತ್ತಿಗೂ ಸಾಲಕ್ಕೂ ನಂಟು ಹೊಸದೇನಲ್ಲ. ಹಿಂದೆ ಸಾಲ ಮಾಡುತ್ತಿದ್ದವರು ಸಂಪಾದಕರು, ಪತ್ರಿಕೆ ನಡೆಸುವುದಕ್ಕೆ. ಈಗ ಸಾಲ ಮಾಡುತ್ತಿರುವವರು ಇಪ್ಪತ್ತೊಂದು ವರ್ಷದ ಮಕ್ಕಳು, ಪತ್ರಿಕೆ ಸೇರುವುದಕ್ಕೆ.

ಸಾಲ ಸಿಗುವ ದಾರಿ ನೋಡೋಣ. ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶೈಕ್ಷಣಿಕ ಸಾಲ ಯೋಜನೆ 2001ರಿಂದ ಇದೆ, ನಡುನಡುವೆ ತಿದ್ದುಪಡಿಯಾಗಿದೆ. 2015ರಲ್ಲಿ ಬಂದ ಸಾಲ ಖಾತರಿ ನಿಧಿಯ ಆಧಾರದ ಮೇಲೆ ಏಳೂವರೆ ಲಕ್ಷದವರೆಗೆ ಅಡಮಾನ ಬೇಡ, ಹೊರಗಿನವರ ಜಾಮೀನು ಬೇಡ. ಓದು ನಡೆಯುವಷ್ಟು ಕಾಲ, ಮುಗಿದ ಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ. ಆಮೇಲೆ ಹದಿನೈದು ವರ್ಷದವರೆಗೂ ತೀರಿಸಬಹುದು. ಕೇಳುವುದಕ್ಕೆ ಉದಾರವಾಗಿದೆ, ಎಷ್ಟೋ ಎಂಜಿನಿಯರುಗಳ ಬಾಳು ಇದರಿಂದ ಹಸನಾದದ್ದೂ ನಿಜ. ಆದರೆ ಅಡಮಾನ ಬೇಡದ ಆ ಏಳೂವರೆ ಲಕ್ಷ ಎಂಜಿನಿಯರಿಂಗ್ ಓದುವವಳಿಗೂ ಪತ್ರಿಕೋದ್ಯಮ ಓದುವವಳಿಗೂ ಒಂದೇ. ಯಾವ ಕೋರ್ಸಿನಿಂದ ಎಷ್ಟು ಸಂಬಳ ಹುಟ್ಟುತ್ತದೆ ಎಂಬ ಗೊಡವೆ ಅದಕ್ಕಿಲ್ಲ.

ನನ್ನ ಪರಿಚಯದ ವಿದ್ಯಾರ್ಥಿನಿಯೊಬ್ಬಳ ಸಾಲದ ಅರ್ಜಿಯ ದಿನ ನಾನು ಜೊತೆಗಿದ್ದೆ. ಹಾವೇರಿ ಜಿಲ್ಲೆಯ ಹಳ್ಳಿಯ ಹುಡುಗಿ. ಅವಳ ತಂದೆ ಮೆಕ್ಕೆಜೋಳ, ಹತ್ತಿ ಬೆಳೆಯುವವರು. ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್, ಆಧಾರ್, ಪ್ಯಾನ್, ಮಗಳ ಅಂಕಪಟ್ಟಿಗಳು, ಖಾಸಗಿ ಸಂಸ್ಥೆಯೊಂದರ ಪ್ರವೇಶಪತ್ರ, ವರ್ಷವಾರು ಶುಲ್ಕದ ವಿವರ. ಮ್ಯಾನೇಜರು ಒಳ್ಳೆಯವರೇ. ಪ್ರತಿ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟರು. ಅಪ್ಪ ಸಹ-ಸಾಲಗಾರ ಎಂದು ಬರೆದಿರುವ ಕಡೆಯಲ್ಲೆಲ್ಲ ನಿಧಾನವಾಗಿ ಸಹಿ ಮಾಡುತ್ತ ಹೋದರು. ಅರ್ಧ ಮುಗಿಸಿ ಪೆನ್ನು ಕೆಳಗಿಟ್ಟರು.

“ಸಾಹೇಬ್ರ, ಓದು ಮುಗದ ಮ್ಯಾಲ ಪೇಪರ್‌ನವ್ರು ತಿಂಗಳಾ ಎಷ್ಟ್ ಕೊಡ್ತಾರ್ರೀ?”

“ಅದನ್ನ ಕಾಲೇಜಿನವ್ರನ್ನ ಕೇಳ್ಬೇಕ್ರೀ ಯಜಮಾನ್ರೇ.”

“ಕೇಳೇವ್ರೀ. ಯಾರಿಗೋ ಹನ್ನೆರಡ ಲಕ್ಷ ಸಿಕ್ಕೈತಿ ಅಂದ್ರು.”

“ಅಪ್ಪಾ, ನೌಕರಿ ಸಿಗ್ತೈತಿ ಬಿಡು, ಸಹಿ ಮಾಡು” ಎಂದಳು ಮಗಳು. ಅವರು ಮಾಡಿದರು.

ಆ ಮೇಜಿನ ಸುತ್ತ ಕೂತಿದ್ದ ನಾಲ್ವರಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಎಕರೆಗೆ ಎಷ್ಟು ಬೀಜ, ಎಷ್ಟು ಗೊಬ್ಬರ, ಕ್ವಿಂಟಲ್‌ಗೆ ಎಷ್ಟು ಬಂದರೆ ಬೆಳೆಸಾಲ ತೀರುತ್ತದೆ ಎಂದು ಬಾಯಲ್ಲೇ ಹೇಳಬಲ್ಲ ಮನುಷ್ಯ ಮಗಳ ಓದಿನ ವಿಷಯದಲ್ಲಿ ಕಣ್ಣು ಕಟ್ಟಿಸಿಕೊಂಡು ಸಹಿ ಹಾಕಬೇಕಾಯಿತು. ಬೆಳೆಸಾಲ ಅಂದೆನಲ್ಲ, ಅದೂ ಇಲ್ಲಿಗೆ ಸಂಬಂಧಪಟ್ಟದ್ದೇ. ಮಗಳ ಕಂತು ತಪ್ಪಿದರೆ ಸಹ-ಸಾಲಗಾರನ ಸಿಬಿಲ್ ದಾಖಲೆಯೂ ಕೆಡುತ್ತದೆ. ಮುಂದೊಂದು ದಿನ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಅದು ಎದುರಿಗೆ ಬರುತ್ತದೆ.

ಆ ಅಪ್ಪನ ಲೆಕ್ಕವನ್ನು ನಾವಾದರೂ ಮಾಡೋಣ. ಎರಡು ವರ್ಷದ ಸ್ನಾತಕೋತ್ತರ ಕೋರ್ಸು, ಸಾಲ ಏಳೂವರೆ ಲಕ್ಷ. ಮೊದಲ ವರ್ಷ ಮೂರು ಮುಕ್ಕಾಲು, ಎರಡನೆಯ ವರ್ಷ ಮೂರು ಮುಕ್ಕಾಲು ಬಿಡುಗಡೆ. ಬಡ್ಡಿ ಶೇ. 10.5 ಎಂದಿಟ್ಟುಕೊಳ್ಳಿ. ಕಂತು ಕಟ್ಟಬೇಕಿಲ್ಲದ ಮೂರು ವರ್ಷಗಳಲ್ಲಿ ಬಡ್ಡಿ ಸುಮ್ಮನಿರುವುದಿಲ್ಲ. ಚಕ್ರಬಡ್ಡಿಯಲ್ಲ, ಸರಳ ಬಡ್ಡಿ, ಆದರೂ ಅದು 1,96,875 ರೂಪಾಯಿ ಆಗುತ್ತದೆ. ಮೊದಲ ಕಂತಿನ ದಿನ ಸಾಲ ಏಳೂವರೆ ಲಕ್ಷವಲ್ಲ, ಒಂಬತ್ತು ಲಕ್ಷ ನಲವತ್ತಾರು ಸಾವಿರದ ಚಿಲ್ಲರೆ. ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 10,470. ಹತ್ತೇ ವರ್ಷದಲ್ಲಿ ತೀರಿಸುತ್ತೇನೆಂದರೆ ಸುಮಾರು 12,780. ಹದಿನೈದು ವರ್ಷದ ದಾರಿ ಹಿಡಿದವಳು ಕಟ್ಟುವ ಒಟ್ಟು ಮೊತ್ತ ಹದಿನೆಂಟು ಲಕ್ಷ ದಾಟುತ್ತದೆ.

ಇನ್ನು ಸಂಬಳ. ಕನ್ನಡ ಸುದ್ದಿಮನೆಯ ಹೊಸಬರ ಸಂಬಳವನ್ನು ಲೆಕ್ಕಕ್ಕಾಗಿ ಇಪ್ಪತ್ತು ಸಾವಿರ ಎಂದು ಹಿಡಿಯುತ್ತೇನೆ. ಇಲ್ಲಿ ಕೂತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನಗುತ್ತಿದ್ದೀರಿ. ಅದು ಜಾಸ್ತಿಯಾಯಿತು ಎಂಬ ನಗೆಯೋ ಕಡಿಮೆಯಾಯಿತು ಎಂಬ ನಗೆಯೋ ನನಗೆ ಗೊತ್ತು. ಇರಲಿ, ಇಪ್ಪತ್ತೇ. ಮೂಲವೇತನ ಹನ್ನೆರಡೂವರೆ ಸಾವಿರವಾದರೆ ಭವಿಷ್ಯನಿಧಿಗೆ ಅದರ ಶೇ. 12, ಅಂದರೆ 1,500 ಹೋಯಿತು. ಇಎಸ್ಐಗೆ 150. ವೃತ್ತಿ ತೆರಿಗೆ 25 ಸಾವಿರದೊಳಗಿನವರಿಗಿಲ್ಲ, ಪುಣ್ಯ. ಕೈಗೆ ಬಂದದ್ದು 18,350. ಕಂತು 10,470 ಕಟ್ಟಿ, ಊಟ ಸೇರಿದ ಪಿಜಿಗೆ ಎಂಟು ಸಾವಿರ ಕೊಟ್ಟರೆ ತಿಂಗಳ ಮೊದಲ ವಾರದಲ್ಲೇ ನೂರಿಪ್ಪತ್ತು ರೂಪಾಯಿ ಸಾಲದು. ಬಸ್ಸು, ಮೊಬೈಲು, ಸೋಪು, ಜ್ವರದ ಮಾತ್ರೆ, ಊರಿಗೆ ಹೋಗಿಬರುವ ಟಿಕೆಟ್ಟು ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ. ಶೈಕ್ಷಣಿಕ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಎಂದು ಸಮಾಧಾನ ಹೇಳುವವರುಂಟು. ತೆರಿಗೆ ಕಟ್ಟುವಷ್ಟು ಸಂಬಳವೇ ಇಲ್ಲದವಳು ಆ ವಿನಾಯಿತಿಯನ್ನು ಕಟ್ಟಿಕೊಂಡು ಏನು ಮಾಡಬೇಕು?

ಕೆಲಸವೇ ಸಿಗದಿದ್ದರೆ? ರಾಜ್ಯ ಸರ್ಕಾರದ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000, ಎರಡು ವರ್ಷದವರೆಗೆ. ಏಳೂವರೆ ಲಕ್ಷದ ಮೇಲಿನ ಬರೀ ಬಡ್ಡಿ ತಿಂಗಳಿಗೆ 6,562 ರೂಪಾಯಿ. ಸರ್ಕಾರ ಕೊಡುವುದು ಬ್ಯಾಂಕು ಬೆಳೆಸುವುದರ ಅರ್ಧವೂ ಆಗಲಿಲ್ಲ.

ನ್ಯಾಯಕ್ಕೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸಂಬಳ ಇಪ್ಪತ್ತರಲ್ಲೇ ನಿಲ್ಲುವುದಿಲ್ಲ. ವರ್ಷಕ್ಕೆ ಶೇ. 8ರಂತೆ ಏರಿದರೆ ಐದು ವರ್ಷಕ್ಕೆ ಇಪ್ಪತ್ತೊಂಬತ್ತು ಸಾವಿರ ದಾಟುತ್ತದೆ, ಕಂತು ಅಷ್ಟೇ ಇರುವುದರಿಂದ ಹೊರೆ ಹಗುರವಾಗುತ್ತದೆ. ಈ ಪದವಿ ಸುದ್ದಿಮನೆಗೊಂದೇ ಒಯ್ಯುವುದೂ ಅಲ್ಲ. ಜಾಹೀರಾತು, ಸಾರ್ವಜನಿಕ ಸಂಪರ್ಕ, ಕಂಪನಿಗಳ ಕಮ್ಯುನಿಕೇಷನ್ ವಿಭಾಗ, ಒಟಿಟಿಗೆ ಬರೆಯುವುದು, ಸಬ್‌ಟೈಟಲ್ ಮಾಡುವುದು, ವಾರ್ತಾ ಇಲಾಖೆಯ ಹುದ್ದೆ, ನೆಟ್ ಅಥವಾ ಕೆಸೆಟ್ ಪಾಸಾದರೆ ಅಧ್ಯಾಪನ. ಅಧ್ಯಾಪನ ಎಂದಾಗ ಅತಿಥಿ ಉಪನ್ಯಾಸಕರ ಗೌರವಧನದ ನೆನಪಾಗಿ ಇಲ್ಲಿಯ ಕೆಲವು ಮುಖಗಳು ಬಾಡಿದ್ದು ಕಂಡೆ, ಮುಂದಕ್ಕೆ ಹೋಗುತ್ತೇನೆ. ಇಂಗ್ಲಿಷಿನಲ್ಲಿ ಪಳಗಿದವರಿಗೆ, ಬೆಂಗಳೂರಿನ ಕಂಪನಿಗಳ ಬಾಗಿಲು ತೆರೆದವರಿಗೆ ಏಳೂವರೆ ಲಕ್ಷ ದೊಡ್ಡ ಮೊತ್ತವೇನಲ್ಲ. ನಾನು ಮಾತಾಡುತ್ತಿರುವುದು ಕನ್ನಡದಲ್ಲಿ ಸುದ್ದಿ ಬರೆಯಬೇಕೆಂದು ಈ ಓದಿಗೆ ಬಂದವರ ಬಗ್ಗೆ.

ಅವರ ಸಂಬಳ ಯಾಕೆ ಹೀಗಿದೆ ಎಂಬುದಕ್ಕೆ ಒಂದು ಚರಿತ್ರೆ ಇದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ಬಲದಿಂದ ವೇತನ ಮಂಡಳಿಗಳಾದವು. ಪಾಲೇಕರ್, ಬಚಾವತ್, ಮಣಿಸಾನ, ಕೊನೆಗೆ ಮಜೀಠಿಯಾ. ಮಜೀಠಿಯಾ ಶಿಫಾರಸನ್ನು ಕೇಂದ್ರ ಸರ್ಕಾರ 2011ರ ನವೆಂಬರ್ 11ರಂದು ಅಧಿಸೂಚಿಸಿತು. ಪತ್ರಿಕೆಗಳನ್ನು ವರಮಾನದ ಮೇಲೆ ಎಂಟು ವರ್ಗ ಮಾಡಿ ವೇತನಶ್ರೇಣಿ ಗೊತ್ತುಪಡಿಸಿದ್ದರು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು, 2014ರ ಫೆಬ್ರವರಿ 7ರಂದು ಸೋತರು. ಸೋತ ಮೇಲೆ ಸಿಕ್ಕ ಉಪಾಯ ಶಿಫಾರಸಿನ 20(ಜೆ) ಕಂಡಿಕೆ. ಈಗಿರುವ ಸಂಬಳವೇ ಸಾಕು ಎಂದು ನೌಕರ ಬರೆದುಕೊಡಬಹುದು ಎಂಬ ಅರ್ಥ ಅದಕ್ಕೆ ಹಚ್ಚಿ ದೇಶದ ಅನೇಕ ಕಚೇರಿಗಳಲ್ಲಿ ಸಹಿ ಮಾಡಿಸಿಕೊಂಡರು. 2017ರ ಜೂನ್ 19ರ ತೀರ್ಪಿನಲ್ಲಿ ನ್ಯಾಯಾಲಯ, ಮಂಡಳಿ ಗೊತ್ತುಮಾಡಿದ್ದಕ್ಕಿಂತ ಕಡಿಮೆಗೆ ಆ ಕಂಡಿಕೆ ಎಡೆಕೊಡುವುದಿಲ್ಲ, ಗುತ್ತಿಗೆಯ ನೌಕರರಿಗೂ ಶ್ರೇಣಿ ಅನ್ವಯ ಎಂದು ಹೇಳಿತು. ತೀರ್ಪು ಬಂತು, ಜಾರಿಯಾಗಬೇಕಾದ ಕಡೆ ಬಹುಪಾಲು ಕಾಗದದಲ್ಲೇ ಉಳಿಯಿತು. ಟೀವಿಯವರಿಗೆ, ವೆಬ್‌ಸೈಟಿನವರಿಗೆ ಆ ಶ್ರೇಣಿ ಮೊದಲೇ ಇರಲಿಲ್ಲ, ಅದು ಪತ್ರಿಕೆಗಳಿಗೆ, ಸುದ್ದಿಸಂಸ್ಥೆಗಳಿಗಷ್ಟೇ. ಈಗ 1955ರ ಕಾಯ್ದೆಯೇ 2020ರ ಕಾರ್ಮಿಕ ಸಂಹಿತೆಯೊಳಗೆ ಕರಗಿಹೋಗಿದೆ. ಜಿಲ್ಲೆ, ತಾಲ್ಲೂಕುಗಳ ಬಿಡಿ ವರದಿಗಾರರ ಮಾತು ಎತ್ತದಿರುವುದೇ ವಾಸಿ. ಅವರಲ್ಲಿ ಹಲವರ ಮನೆ ನಡೆಯುವುದು ಅಂಗಡಿಯಿಂದ, ಜಮೀನಿನಿಂದ, ಹೆಂಡತಿಯ ಟೀಚರ್ ಕೆಲಸದಿಂದ.

ಜುಲೈ 1ರಂದು ಪತ್ರಿಕಾ ದಿನ ಮಾಡುತ್ತೇವೆ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದದ್ದರ ನೆನಪಿಗೆ. ರಾಜ್ಯದುದ್ದಕ್ಕೂ ಸನ್ಮಾನ, ಭಾಷಣ. ಸಮಾಜದ ಕನ್ನಡಿ, ಲೇಖನಿಯ ಶಕ್ತಿ ಇತ್ಯಾದಿ. ಹೊಸ ವರದಿಗಾರನ ಸಂಬಳ ಎಷ್ಟು ಎಂದು ಒಬ್ಬ ಮಂತ್ರಿಯಾಗಲಿ, ಒಬ್ಬ ಸಂಪಾದಕರಾಗಲಿ ಆ ವೇದಿಕೆಯಲ್ಲಿ ಕೇಳಿದ್ದನ್ನು ನಾನು ಕಂಡಿಲ್ಲ.

ಹಾವೇರಿಯ ಅಪ್ಪನಿಗೆ ಕಾಲೇಜಿನವರು ಹೇಳಿದ ಹನ್ನೆರಡು ಲಕ್ಷಕ್ಕೆ ಬರುತ್ತೇನೆ. ಅದು ಸುಳ್ಳೇ ಆಗಿರಬೇಕಿಲ್ಲ. ಹನ್ನೊಂದು ಜನರ ತರಗತಿಯಲ್ಲಿ ಒಬ್ಬರಿಗೆ ಯಾವುದೋ ಕಂಪನಿಯಲ್ಲಿ ವರ್ಷಕ್ಕೆ ಹನ್ನೆರಡು ಲಕ್ಷ ಸಿಕ್ಕಿತು, ಉಳಿದ ಹತ್ತು ಜನರಿಗೆ ಎರಡು ಲಕ್ಷ ನಲವತ್ತು ಸಾವಿರ ಎಂದಿಟ್ಟುಕೊಳ್ಳಿ. ಪರಿಚಯಪತ್ರದಲ್ಲಿ ‘ಗರಿಷ್ಠ ಪ್ಯಾಕೇಜ್ 12 ಲಕ್ಷ’ ಎಂದು ಅಚ್ಚಾಗುತ್ತದೆ. ಸ್ವಲ್ಪ ಸಂಕೋಚವಿರುವ ಸಂಸ್ಥೆ ಸರಾಸರಿ ಹಾಕುತ್ತದೆ: ಮೂರು ಲಕ್ಷ ಇಪ್ಪತ್ತೇಳು ಸಾವಿರ. ಹನ್ನೊಂದು ಜನರಲ್ಲಿ ಒಬ್ಬರಿಗೂ ಬರದ ಸಂಬಳ ಅದು. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವೆ ನಿಂತವರನ್ನು ಕೇಳಿದರೆ ಎರಡು ಲಕ್ಷ ನಲವತ್ತು ಸಾವಿರ. ಹೈಸ್ಕೂಲಿನ ಗಣಿತದ ಮಧ್ಯಾಂಕ ಇದೇ. ಅಪ್ಪನಿಗೆ ಬೇಕಾಗಿದ್ದುದು ಈ ಒಂದು ಅಂಕಿ, ಇದನ್ನು ಯಾರೂ ಅಚ್ಚು ಮಾಡುವುದಿಲ್ಲ. ಕೆಲಸವೇ ಸಿಗದವರು, ಮದುವೆಯಾಗಿ ಹೋದವರು, ಬೇಸತ್ತು ಬ್ಯಾಂಕ್ ಪರೀಕ್ಷೆಗೆ ಕೂತವರು ಈ ಸಾಲಿಗೇ ಬರುವುದಿಲ್ಲ.

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಸಂಸ್ಥೆಗಳು ಮಧ್ಯಾಂಕ ಸಂಬಳ ಸಲ್ಲಿಸುತ್ತವೆ, ನಿಜ. ಆದರೆ ಅದು ಕೆಲಸ ಸಿಕ್ಕವರದ್ದು ಮಾತ್ರ, ಅದೂ ಎಷ್ಟು ವರ್ಷದ ಕೋರ್ಸು ಎಂಬ ವಿಂಗಡಣೆಯಲ್ಲಿ. ಎರಡು ವರ್ಷದ ಸ್ನಾತಕೋತ್ತರ ಎಂಬ ಒಂದೇ ಸಾಲಿನಲ್ಲಿ ರಸಾಯನಶಾಸ್ತ್ರ, ವಾಣಿಜ್ಯ, ಪತ್ರಿಕೋದ್ಯಮ ಎಲ್ಲವೂ ಬೆರೆತಿರುತ್ತವೆ. ಎಂಜಿನಿಯರಿಂಗ್, ಕಾನೂನು, ಔಷಧವಿಜ್ಞಾನ, ವಾಸ್ತುಶಿಲ್ಪಕ್ಕೆ ಪ್ರತ್ಯೇಕ ಪಟ್ಟಿ ಇದೆ. ಮಾಧ್ಯಮ ಶಿಕ್ಷಣಕ್ಕಿಲ್ಲ.

ಸಾಲದ ವಿಷಯದಲ್ಲಿ ನಮಗಿಂತ ಎಷ್ಟೋ ಪಾಲು ಹೆಚ್ಚು ಪೆಟ್ಟು ತಿಂದ ಅಮೆರಿಕ ಅಂಕಿ ಬಯಲಿಗಿಡುವ ಈ ಒಂದು ಕೆಲಸವನ್ನು ಸರಿಯಾಗಿ ಮಾಡಿದೆ. 2015ರಲ್ಲಿ ಅಲ್ಲಿನ ಸರ್ಕಾರ ‘ಕಾಲೇಜ್ ಸ್ಕೋರ್‌ಕಾರ್ಡ್’ ತೆರೆಯಿತು. 2019ರಿಂದ ಒಂದೊಂದು ಕೋರ್ಸಿನ ಮಟ್ಟದಲ್ಲೂ ವಿದ್ಯಾರ್ಥಿಗಳ ಸಾಲ ಎಷ್ಟು, ಗಳಿಕೆ ಎಷ್ಟು ಎಂಬ ಮಧ್ಯಾಂಕ ಯಾರು ಬೇಕಾದರೂ ನೋಡುವಂತಿದೆ. ಕಾಲೇಜು ಹೇಳಿದ್ದನ್ನು ನಂಬಿ ಬರೆದುಕೊಂಡದ್ದಲ್ಲ, ಸರ್ಕಾರದ ತೆರಿಗೆ ಮತ್ತು ಸಾಲದ ದಾಖಲೆಗಳನ್ನು ಕೂಡಿಸಿ ತೆಗೆದದ್ದು. ಆ ಅಂಕಿಗಳನ್ನು ಹಿಡಿದೇ 2021ರ ಜುಲೈನಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಬರೆದ ವರದಿ ದೊಡ್ಡ ಸದ್ದು ಮಾಡಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫೆಡರಲ್ ಸಾಲ ಪಡೆದು ಸಿನಿಮಾ ಸ್ನಾತಕೋತ್ತರ ಓದಿದವರ ಮಧ್ಯಾಂಕ ಸಾಲ 1,81,000 ಡಾಲರ್, ಎರಡು ವರ್ಷ ಕಳೆದರೂ ಅವರಲ್ಲಿ ಅರ್ಧ ಮಂದಿಯ ವರ್ಷದ ಗಳಿಕೆ 30,000 ಡಾಲರ್‌ಗಿಂತ ಕಡಿಮೆ. ಅಷ್ಟು ದೊಡ್ಡ ಹೆಸರಿನ ವಿಶ್ವವಿದ್ಯಾಲಯ! 2025ರ ಜುಲೈನಲ್ಲಿ ಅಲ್ಲಿ ಬಂದ ಕಾನೂನು ಇನ್ನೂ ಮುಂದೆ ಹೋಗಿದೆ. ಕೋರ್ಸು ಮುಗಿಸಿದವರ ಗಳಿಕೆ ಅದಕ್ಕಿಂತ ಕೆಳಗಿನ ಹಂತದ ಓದು ಮುಗಿಸಿದವರ ಮಧ್ಯಾಂಕವನ್ನೂ ಮುಟ್ಟದಿದ್ದರೆ, ಮೂರರಲ್ಲಿ ಎರಡು ವರ್ಷ ಹಾಗಾದರೆ, ಆ ಕೋರ್ಸಿಗೆ ಸರ್ಕಾರಿ ಸಾಲವೇ ನಿಲ್ಲುತ್ತದೆ. ಈ ಕೊನೆಯ ಕ್ರಮ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸಂಬಳವೊಂದರಿಂದಲೇ ಅಳೆದರೆ ನಾಟಕ, ಸಂಗೀತ, ಪತ್ರಿಕೋದ್ಯಮಗಳ ಬಾಗಿಲು ಬಡವರ ಮಕ್ಕಳಿಗಷ್ಟೇ ಮುಚ್ಚುತ್ತದೆ, ಉಳ್ಳವರು ಕೈಯಿಂದ ಹಾಕಿ ಓದುತ್ತಾರೆ. ಆದರೆ ಅಂಕಿಯನ್ನು ಬಯಲಿಗಿಡುವುದಕ್ಕೆ ಎರಡನೆಯ ಮಾತಿಲ್ಲ.

ವಿದೇಶಕ್ಕೆ ಹೊರಟಿರುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದಲ್ಲಿ ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವುದು ಹನ್ನೆರಡು ತಿಂಗಳು. ವಿಜ್ಞಾನ ತಂತ್ರಜ್ಞಾನದ ಪಟ್ಟಿಯಲ್ಲಿರುವ ಪದವಿಯಾದರೆ ಇನ್ನೂ ಇಪ್ಪತ್ತನಾಲ್ಕು. ಪತ್ರಿಕೋದ್ಯಮ ಆ ಪಟ್ಟಿಯಲ್ಲಿಲ್ಲ, ಡಿಜಿಟಲ್ ಸಂವಹನ ಮತ್ತು ಮಲ್ಟಿಮೀಡಿಯಾ ಇದೆ, 09.0702 ಎಂಬ ಸಂಕೇತಸಂಖ್ಯೆಯಲ್ಲಿ. ರೂಪಾಯಿಯ ಸಾಲವನ್ನು ಡಾಲರಿನಲ್ಲಿ ದುಡಿದು ತೀರಿಸುವ ಲೆಕ್ಕ ಹಾಕಿದವರು ತಮ್ಮ ಕೋರ್ಸಿನ ಸಂಖ್ಯೆ ಯಾವುದು ಎಂದು ಪ್ರವೇಶದ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ಸಾಲ ವಿದ್ಯಾರ್ಥಿಯ ಜೇಬಿಗಷ್ಟೇ ಸಂಬಂಧಿಸಿದ್ದಾದರೆ ನಾನು ಈ ದತ್ತಿಯ ವೇದಿಕೆಗೆ ಅದನ್ನು ತರುತ್ತಿರಲಿಲ್ಲ. ಕಂತಿರುವ ವರದಿಗಾರ್ತಿ ಗದಗದಲ್ಲೋ ಯಾದಗಿರಿಯಲ್ಲೋ ನೆಲೆಸಿ ನೀರಾವರಿ ಕಾಮಗಾರಿಯ ಕಡತಗಳನ್ನು ಆರು ತಿಂಗಳು ಜಾಲಾಡಲಾರಳು. ಐದು ಸಾವಿರ ಜಾಸ್ತಿ ಸಿಕ್ಕರೆ ಸುದ್ದಿ ಬಿಟ್ಟು ರಿಯಲ್ ಎಸ್ಟೇಟ್ ಕಂಪನಿಯ ಸೋಷಿಯಲ್ ಮೀಡಿಯಾ ಕೆಲಸಕ್ಕೆ ಹೋಗುತ್ತಾಳೆ. ಅವಳ ತಪ್ಪೇನಿದೆ? ಸಂಪಾದಕ ಸುದ್ದಿಯೊಂದನ್ನು ತಡೆಹಿಡಿದಾಗ ಎದ್ದು ನಿಂತು ಮಾತಾಡುವ ಧೈರ್ಯ ಕಂತಿಲ್ಲದವರಿಗೆ ಸ್ವಲ್ಪ ಸಲೀಸು. ಊರಲ್ಲಿ ಆಸ್ತಿಯಿದ್ದವರು, ಬೆಂಗಳೂರಿನಲ್ಲಿ ಸ್ವಂತ ಮನೆಯಿದ್ದವರು ಮಾತ್ರ ವರದಿಗಾರಿಕೆಯಲ್ಲಿ ಉಳಿಯಬಲ್ಲರೆಂದಾದರೆ ಸುದ್ದಿಮನೆಯ ಕುರ್ಚಿಗಳಲ್ಲಿ ಯಾವ ಜಾತಿ, ಯಾವ ವರ್ಗ ಕೂರುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ದಲಿತ ಹುಡುಗ, ಮನೆಯಲ್ಲೇ ಮೊದಲು ಓದಿದ ಹುಡುಗಿ ತರಗತಿಗೆ ಬರುತ್ತಾರೆ, ಚಿನ್ನದ ಪದಕವನ್ನೂ ಗೆಲ್ಲುತ್ತಾರೆ, ಮೂರನೆಯ ವರ್ಷಕ್ಕೆ ಬೈಲೈನಿನಿಂದ ಮಾಯವಾಗುತ್ತಾರೆ. ಓದುಗರು ಕಳೆದುಕೊಳ್ಳುವುದು ಅವರನ್ನು.

ಹಾಗಾದರೆ ಎಷ್ಟು ಸಾಲ ಮಾಡಬಹುದು? ಮೊದಲ ಕೆಲಸದ ಒಂದು ವರ್ಷದ ಸಂಬಳವನ್ನು ಮೀರಬಾರದು ಎಂಬುದು ನನ್ನ ಮಿತಿ. ಕನ್ನಡ ಸುದ್ದಿಮನೆಯ ಲೆಕ್ಕದಲ್ಲಿ ಎರಡು ಲಕ್ಷ ನಲವತ್ತು ಸಾವಿರ. ಅಷ್ಟು ಸಾಲಕ್ಕೆ ಮೇಲಿನದೇ ಷರತ್ತುಗಳಲ್ಲಿ, ಹತ್ತೇ ವರ್ಷದ ಅವಧಿಗೆ, ಕಂತು ಸುಮಾರು 4,090. ಬಿಗಿಯಾಗುತ್ತದೆ, ಉಸಿರು ನಿಲ್ಲುವುದಿಲ್ಲ. ಓದುವಾಗಲೇ ಬಡ್ಡಿಯನ್ನು ಕಟ್ಟುತ್ತ ಬಂದವರಿಗೆ ಬಡ್ಡಿದರದಲ್ಲಿ ಶೇ. 1 ಕಡಿತ ಕೊಡುವ ಬ್ಯಾಂಕುಗಳಿವೆ, ಹೆಣ್ಣುಮಕ್ಕಳಿಗೆ ಅರ್ಧ ಶೇಕಡಾ ರಿಯಾಯಿತಿಯೂ ಹಲವೆಡೆ ಉಂಟು. ಕೇಳಿ ಪಡೆಯಿರಿ, ಅವರಾಗಿ ಹೇಳುವುದಿಲ್ಲ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನವಿದೆ, ಆದರೆ ಅದು ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ. ನಿಮ್ಮ ಕೋರ್ಸು ಅದರಲ್ಲಿ ಬರುತ್ತದೆಯೇ ಎಂದು ಹಣ ಕಟ್ಟುವ ಮೊದಲು ಬ್ಯಾಂಕಿನಿಂದಲೇ ಖಚಿತಪಡಿಸಿಕೊಳ್ಳಿ. ರಾಜ್ಯದ ಅರಿವು ಸಾಲಕ್ಕೆ ಬಡ್ಡಿ ಶೇ. 2 ಮಾತ್ರ, ಅದನ್ನು ರೂಪಿಸಿರುವುದು ಸಿಇಟಿಯಲ್ಲಿ ಸೀಟು ಪಡೆಯುವ ಎಂಜಿನಿಯರಿಂಗ್, ವೈದ್ಯಕೀಯದಂಥ ಓದಿಗೆ. ಯಾವ ವಿಶ್ವವಿದ್ಯಾಲಯಕ್ಕೂ ಸೇರದ ‘ಮೀಡಿಯಾ ಅಕಾಡೆಮಿ’ಗಳ ಡಿಪ್ಲೊಮಾಕ್ಕೆ ಬ್ಯಾಂಕು ಒಲ್ಲೆ ಎಂದರೆ, ಪಕ್ಕದ ಬೀದಿಯ ಹಣಕಾಸು ಕಂಪನಿ ಇನ್ನೂ ಹೆಚ್ಚಿನ ಬಡ್ಡಿಗೆ ಕೊಡುತ್ತದೆ. ಆ ಮೆಟ್ಟಿಲು ಹತ್ತಬೇಡಿ.

ಎರಡು ಲಕ್ಷ ನಲವತ್ತು ಸಾವಿರದೊಳಗೆ ಓದು ಮುಗಿಯುತ್ತದೆಯೇ? ಮುಗಿಯುತ್ತದೆ. ಮೈಸೂರು, ಧಾರವಾಡ, ಕಲಬುರಗಿ, ಮಂಗಳಗಂಗೋತ್ರಿ, ಶಂಕರಘಟ್ಟ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, ಎಲ್ಲ ಕಡೆ ಈ ವಿಭಾಗಗಳಿವೆ. ಶುಲ್ಕ ಇನ್ನೂ ಸಾವಿರಗಳಲ್ಲಿದೆ, ಲಕ್ಷಕ್ಕೆ ಏರಿಲ್ಲ. ಹಾಸ್ಟೆಲ್ ಇದೆ, ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಸಹಾಯಧನ ಇದೆ. ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ವಾರ್ತಾ ಇಲಾಖೆ ಸ್ಟೈಪೆಂಡ್ ಕೊಟ್ಟು ಅಪ್ರೆಂಟಿಸ್ ತರಬೇತಿ ನಡೆಸುತ್ತದೆ. ಈ ವಿಭಾಗಗಳ ದೌರ್ಬಲ್ಯ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಖಾಲಿ ಹುದ್ದೆಗಳು, ಬೀಗ ಹಾಕಿದ ಸ್ಟುಡಿಯೋ, ಹಳಸಿದ ಪಠ್ಯಕ್ರಮ. ಖಾಸಗಿ ಸಂಸ್ಥೆಗಳಿಗೆ ಲಕ್ಷಗಟ್ಟಲೆ ಶುಲ್ಕ ಕೇಳಲು ಧೈರ್ಯ ಬಂದದ್ದೇ ಇಲ್ಲಿಯ ಬೀಗದಿಂದ. ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆ ಒಡಿಯಾ, ಮರಾಠಿ, ಮಲಯಾಳ, ಉರ್ದು ಪತ್ರಿಕೋದ್ಯಮ ಕಲಿಸುತ್ತದೆ, ಢೆಂಕನಾಲ್, ಅಮರಾವತಿ, ಕೊಟ್ಟಾಯಂಗಳಲ್ಲಿ ಕೇಂದ್ರ ತೆರೆದಿದೆ. ಕನ್ನಡಕ್ಕೆ ಅಂಥದೊಂದನ್ನು ನಾವು ಗಟ್ಟಿಯಾಗಿ ಕೇಳಿಲ್ಲ. ಅಲ್ಲಿಯೂ 2019ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳು ಶುಲ್ಕ ಏರಿಕೆಯ ವಿರುದ್ಧ ಧರಣಿ ಕೂತರು ಎಂಬುದನ್ನು ಮರೆಯಬಾರದು. ಸರ್ಕಾರಿ ಸಂಸ್ಥೆ ಎಂದ ಮಾತ್ರಕ್ಕೆ ಅಗ್ಗವಾಗಿಯೇ ಉಳಿಯುತ್ತದೆ ಎಂಬ ಖಾತ್ರಿಯಿಲ್ಲ.

ಪತ್ರಿಕೆ, ವಾಹಿನಿಗಳ ಮಾಲೀಕರಲ್ಲಿ ಯಾರಾದರೂ ಈ ಬರಹ ಓದುವುದಾದರೆ ಅವರಿಗೆ ಒಂದೇ ಮಾತು. ಕಲಿತ ಕೈ ಬೇಕೆನ್ನುವವರು ಕಲಿಕೆಯ ಖರ್ಚಿನಲ್ಲಿ ಪಾಲು ಕೊಡಬೇಕು. ಇಂಟರ್ನ್‌ಗೆ ಪಿಜಿ ಬಾಡಿಗೆಯಷ್ಟಾದರೂ ಕೊಡಿ, ಅಲ್ಲಿಂದ ಶುರುವಾಗಲಿ.

ಕೊನೆಯದಾಗಿ ಈ ವಿಭಾಗದ ಮುಖ್ಯಸ್ಥರಲ್ಲಿ ಕೋರಿಕೆ. ಮುಂದಿನ ವರ್ಷದ ಪ್ರವೇಶ ಪ್ರಕಟಣೆಯಲ್ಲಿ, ಶುಲ್ಕದ ಸಾಲಿನ ಕೆಳಗೇ, ಮೂರು ವರ್ಷದ ಹಿಂದೆ ಇಲ್ಲಿಂದ ಹೊರಹೋದವರಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ, ಎಷ್ಟು ಜನ ಮಾಧ್ಯಮದಲ್ಲೇ ಉಳಿದಿದ್ದಾರೆ, ಅವರ ಮಧ್ಯಾಂಕ ಸಂಬಳ ಎಷ್ಟು ಎಂದು ಅಚ್ಚು ಹಾಕಿ. ಅಂಕಿ ಚಿಕ್ಕದಿದ್ದರೂ ಹಾಕಿ. ತರಗತಿ ದೊಡ್ಡದೇನಲ್ಲ, ಎಲ್ಲರ ಫೋನ್ ನಂಬರು ನಿಮ್ಮ ಹತ್ತಿರ ಇದೆ, ಇಬ್ಬರು ವಿದ್ಯಾರ್ಥಿಗಳಿಗೆ ಅಸೈನ್‌ಮೆಂಟ್ ಕೊಟ್ಟರೆ ಒಂದು ವಾರದ ಕೆಲಸ. ಸುದ್ದಿ ಸಂಗ್ರಹಿಸುವುದನ್ನು ಕಲಿಸುವ ವಿಭಾಗ ತನ್ನದೇ ಸುದ್ದಿಯನ್ನು ಮೊದಲು ಸಂಗ್ರಹಿಸಲಿ. ಹಿಂದಿನ ಸಾಲಿನ ತಂದೆತಾಯಂದಿರೆ, ಈ ಅಂಕಿಯನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಮಾಡಬೇಡಿ.